ಹಯಾಶಿ ಶಿಹೇಯ ಭೂಪಟದ ಬಣ್ಣಗಳು: ಒಂದು ಮರುಪರಿಶೀಲನೆ

ಸೆಂಡಾಯ್‌ನ ಹಯಾಶಿ ಶಿಹೇ 1785ರಲ್ಲಿ ಬರೆದು ಮುಗಿಸಿದ ‘ಸಂಗೊಕು ತ್ಸೂರನ್ ಝುಸೆತ್ಸು’ ಗ್ರಂಥದೊಡನೆ ಐದು ಭೂಪಟಗಳಿವೆ. ಅವುಗಳಲ್ಲಿ ರ್ಯೂಕ್ಯೂ ಪಟ ಇಂದಿಗೂ ಎಳೆದಾಟದ ವಸ್ತು. ಇತಿಹಾಸಕಾರ ಇನೊವೆ ಕಿಯೊಶಿ 1972ರಲ್ಲಿ ಈ ಪಟವನ್ನು ಮುಂದಿಟ್ಟು, ದಿಯಾವೊಯು (ಜಪಾನಿಯರ ಸೆಂಕಾಕು) ದ್ವೀಪಗಳು ಚೀನಾಕ್ಕೆ ಸೇರಿದ್ದವೆಂದು ವಾದಿಸಿದರು. ಆ ದ್ವೀಪಗಳಿಗೆ ಹಯಾಶಿ ಬಳಿದದ್ದು ಫೂಜಿಯನ್ ಪ್ರಾಂತಕ್ಕೆ ಬಳಿದ ತಿಳಿಗೆಂಪನ್ನೇ. ರ್ಯೂಕ್ಯೂಗೆ ಬೇರೆ ಬಣ್ಣ. ಸ್ವದೇಶದ ಸರ್ಕಾರದ ನಿಲುವಿಗೆ ಎದುರಾಗಿ ಹೀಗೆ ಬರೆಯಲು ಎದೆಗಾರಿಕೆ ಬೇಕಿತ್ತು. ಇನೊವೆಯವರ ಬಗ್ಗೆ ನನಗಿರುವ ಗೌರವ ದೊಡ್ಡದು. ಆದರೂ ಬಣ್ಣವನ್ನು ಒಡೆತನದ ಮುದ್ರೆಯೆಂದು ಓದುವ ಅವರ ಕ್ರಮ ಒಪ್ಪತಕ್ಕದ್ದಲ್ಲ.

ಇದಕ್ಕೆ ಸಾಮಾನ್ಯವಾಗಿ ಎತ್ತುವ ಆಕ್ಷೇಪ ತೈವಾನಿನದು. ಆ ದ್ವೀಪ 1684ರಿಂದಲೇ ಚಿಂಗ್ ಸಾಮ್ರಾಜ್ಯದ ಆಡಳಿತಕ್ಕೆ ಸೇರಿದ್ದರೂ ಪಟದಲ್ಲಿ ಅದರ ಬಣ್ಣ ಹಳದಿ, ಚೀನಾದ್ದಲ್ಲ. ಆಕ್ಷೇಪ ಸರಿಯೇ. ಆದರೆ ಅದನ್ನು ಎತ್ತುವವರು ಅರ್ಧ ದಾರಿಗೇ ನಿಲ್ಲುತ್ತಾರೆ. 1609ರಲ್ಲಿ ಜಪಾನಿನ ಸತ್ಸುಮಾ ಸಂಸ್ಥಾನದ ಸೈನ್ಯ ರ್ಯೂಕ್ಯೂವನ್ನು ಗೆದ್ದಿತ್ತು; ಆ ಬಳಿಕ ಅಲ್ಲಿನ ಅರಸು ಚೀನಾಕ್ಕೆ ಕಪ್ಪ ಕಳಿಸುತ್ತಲೇ ಸತ್ಸುಮಾದ ಅಧೀನದಲ್ಲಿದ್ದ. ಹಾಗಿದ್ದೂ ಪಟದಲ್ಲಿ ರ್ಯೂಕ್ಯೂಗೆ ಜಪಾನಿನ ಹಸಿರು ಇಲ್ಲ. ತೈವಾನಿನ ಹಳದಿಯಿಂದ ಇನೊವೆಯವರ ವಾದ ಬೀಳುವುದಾದರೆ, ಅದೇ ತರ್ಕ ಟೋಕಿಯೊದ ಪರ ವಕಾಲತ್ತು ವಹಿಸಿದವರ ಕಾಲಬುಡಕ್ಕೂ ಬರುತ್ತದೆ. ತಮಗೆ ಬೇಕಾದ ಒಂದು ಬಣ್ಣವನ್ನು ಹೆಕ್ಕಿಕೊಂಡು ಉಳಿದವನ್ನು ಬಿಡುವುದು ಸಂಶೋಧನೆಯಲ್ಲ.

ಹಾಗಾದರೆ ಆ ತಿಳಿಗೆಂಪು ಬಂದದ್ದೆಲ್ಲಿಂದ? ಉತ್ತರದ ಜಾಡು ಹಯಾಶಿಯ ಮುನ್ನುಡಿಯಲ್ಲೇ ಇದೆ. ರ್ಯೂಕ್ಯೂ ಕುರಿತು ತನಗೆ ಆಧಾರ ‘ಝೊಂಗ್‌ಶಾನ್ ಚುವಾನ್‌ಶಿನ್ ಲು’ ಎಂದು ಆತ ಅಲ್ಲಿ ಹೇಳುತ್ತಾನೆ. 1719ರಲ್ಲಿ ಚಿಂಗ್ ಚಕ್ರವರ್ತಿಯ ದೂತನಾಗಿ ನಾಹಾಕ್ಕೆ ಹೋಗಿಬಂದ ಷು ಬಾವೊಗುವಾಂಗ್ ಬರೆದ ಗ್ರಂಥವಿದು. ಇನೊವೆ ಇದನ್ನು ಬಲ್ಲರು. ಮೂಲದಲ್ಲಿ ಬಣ್ಣವಿಲ್ಲ, ಬಣ್ಣ ಹಯಾಶಿಯ ಸ್ವಂತ ತೀರ್ಮಾನ ಎಂಬುದೇ ಅವರ ವಾದದ ಬಲ. ಆದರೆ ಆ ಗ್ರಂಥ ದ್ವೀಪಗಳನ್ನು ಹೆಸರಿಸುವುದು ಯಾವ ಸಂದರ್ಭದಲ್ಲಿ? ಫುಝೌದಿಂದ ನಾಹಾಕ್ಕೆ ದಿಕ್ಸೂಚಿ ಹಿಡಿದು ಸಾಗುವ ಹಡಗಿನ ದಾರಿಯಲ್ಲಿ. ದಿಯಾವೊಯು, ಹುವಾಂಗ್‌ವೇ, ಚಿವೇ ಎಲ್ಲವೂ ನಾವಿಕನಿಗೆ ಸಿಗುವ ಗುರುತುಗಳು. ಹಯಾಶಿ ಆ ದಾರಿಯನ್ನೇ ಪಟದ ಮೇಲೆ ಎಳೆದು, ಪುಟ್ಟ ಬಂಡೆಗಳನ್ನು ಅಳತೆ ಮೀರಿ ಹಿಗ್ಗಿಸಿ ಸಾಲಾಗಿ ಕೂರಿಸಿದ. ಚೀನಾದ ಬಂದರಿನಿಂದ ಹೊರಟ ಸಾಲಿಗೆ ಚೀನಾದ ಬಣ್ಣ, ಕುಮೆ ದ್ವೀಪದಿಂದಾಚೆ ರ್ಯೂಕ್ಯೂ ಬಣ್ಣ. ತಿಳಿಗೆಂಪು ದಾರಿಯ ಗುಂಟ ಹರಿದಿದೆ ಎಂಬುದು ನನ್ನ ಊಹೆ. ರ್ಯೂಕ್ಯೂ ರಾಜ್ಯದ ಎಲ್ಲೆ ಕುಮೆಯ ಬಳಿ ಮುಗಿಯಿತೆಂದು ಆತ ತಿಳಿದಿದ್ದನ್ನು ಪಟ ತೋರಿಸುತ್ತದೆ, ನಿಜ. ಅದರಾಚೆಯದು ಯಾರದೆಂದು ಸಾಬೀತುಪಡಿಸುವ ಶಕ್ತಿ ಅದಕ್ಕಿಲ್ಲ. (ಇದರಿಂದ ಜಪಾನಿನ ಹಕ್ಕು ಗಟ್ಟಿಯಾಯಿತೆಂದು ಯಾರೂ ಹಿಗ್ಗಬೇಕಿಲ್ಲ. 1895ರ ಜನವರಿಯಲ್ಲಿ, ಚೀನಾದೊಡನೆ ಯುದ್ಧ ನಡೆದಿರುವಾಗಲೇ, ಈ ದ್ವೀಪಗಳನ್ನು ಸೇರಿಸಿಕೊಳ್ಳಲು ಜಪಾನಿನ ಸಚಿವ ಸಂಪುಟ ಕೈಗೊಂಡ ತೀರ್ಮಾನವನ್ನು ಅದರ ಸಂದರ್ಭದಲ್ಲೇ ತೂಗಬೇಕು.)

ಪ್ರತಿಗಳ ತೊಡಕೂ ಇದೆ. ಮರದಚ್ಚು ಕೊಡುವುದು ಗೆರೆಯನ್ನು. ಬಣ್ಣ ಆಮೇಲೆ ಕೈಯಿಂದ ಬಳಿದದ್ದು. 1792ರಲ್ಲಿ ಷೋಗನ್ ಸರ್ಕಾರ ಹಯಾಶಿಯನ್ನು ಶಿಕ್ಷಿಸಿ ಗ್ರಂಥವನ್ನು ನಿಷೇಧಿಸಿತು; ಮರುವರ್ಷ ಆತ ಗೃಹಬಂಧನದಲ್ಲೇ ತೀರಿಕೊಂಡ. ಕೈಬರಹದ ನಕಲುಗಳು ಹಬ್ಬಿದವು. ಅವುಗಳ ಬಣ್ಣಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದೇ ಪ್ರತಿಯ ಛಾಯಾಚಿತ್ರ ಹಿಡಿದು ಗಡಿ ತೀರ್ಮಾನಿಸುವವರು ಪಾಠಾಂತರವೆಂಬ ಪ್ರಾಥಮಿಕ ಶಿಸ್ತನ್ನೇ ಮರೆತಿದ್ದಾರೆ.

ವಸಾಹತು ಹಂಬಲ ಈ ಗ್ರಂಥದಲ್ಲಿ ಖಂಡಿತ ಇದೆ. ಆದರೆ ಅದನ್ನು ಹುಡುಕಬೇಕಾದ್ದು ಬರವಣಿಗೆಯಲ್ಲಿ. ಶೀರ್ಷಿಕೆ ಹೇಳುವ ಮೂರು ದೇಶಗಳು ಕೊರಿಯಾ, ರ್ಯೂಕ್ಯೂ ಮತ್ತು ಎಝೊ (ಇಂದಿನ ಹೊಕ್ಕೈಡೊ). ರಷ್ಯನ್ನರು ಕೈಚಾಚುವ ಮೊದಲು ಐನು ಜನರ ಎಝೊವನ್ನು ವಶಪಡಿಸಿಕೊಳ್ಳಬೇಕೆಂಬ ಒತ್ತಾಯ ಅಲ್ಲಿ ನೇರವಾಗಿಯೇ ಇದೆ. ಒಗಾಸವಾರಾ ದ್ವೀಪಗಳ ಪಟವೂ ಅಂಥದೇ. 1675ರಲ್ಲಿ ಷೋಗನ್ ಸರ್ಕಾರದ ಪರವಾಗಿ ಶಿಮಾಯಾ ಇಚಿಝಾಯೆಮೊನ್ ನಡೆಸಿದ ಶೋಧಯಾತ್ರೆಯ ವಿವರಗಳನ್ನು ಹಿಡಿದು, ಜನರಿಲ್ಲದ ಆ ನೆಲದಲ್ಲಿ ಜಪಾನಿಯರನ್ನು ನೆಲೆಗೊಳಿಸಬೇಕೆಂದು ಹಯಾಶಿ ಬರೆದ.

ಯೂರೋಪು ಅದನ್ನು ಓದಿತು. ಪ್ರಾಚ್ಯವಿದ್ವಾಂಸ ಕ್ಲಾಪ್ರೋತ್ 1832ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ಅನುವಾದ ಹೊರತಂದ. ಅಮೆರಿಕದ ನೌಕಾಧಿಕಾರಿ ಪೆರಿಯ ದಂಡಯಾತ್ರೆಯ ವರದಿಯೂ ಅದನ್ನು ಆಧರಿಸಿತು. ಈ ಅನುವಾದವೊಂದರಿಂದಲೇ ಜಪಾನು ಅಮೆರಿಕದಿಂದ ಒಗಾಸವಾರಾವನ್ನು ಗೆದ್ದುಕೊಂಡಿತೆಂಬ ಕಥೆ ಕೊರಿಯಾದಲ್ಲಿ ಬಹಳ ಪ್ರಚಾರದಲ್ಲಿದೆ. ಘಟನೆಗಳ ಕ್ರಮ ಅದನ್ನು ಬೆಂಬಲಿಸುವುದಿಲ್ಲ. 1862ರ ಆರಂಭದಲ್ಲಿ ಷೋಗನ್ ಸರ್ಕಾರದ ಅಧಿಕಾರಿ ಮಿಝುನೊ ತದನೊರಿಯ ತಂಡ ಕನ್ರಿನ್ ಮಾರು ಹಡಗಿನಲ್ಲಿ ಅಲ್ಲಿಗೆ ಮುಟ್ಟಿದಾಗ, 1830ರಿಂದ ನೆಲೆಸಿದ್ದ ಪಾಶ್ಚಾತ್ಯರೂ ಹವಾಯಿ ಮೂಲದವರೂ ಎದುರಾದರು. ಅವರಿಗೆ ಅಧಿಕಾರಿಗಳು ಇನ್ನು ಮುಂದೆ ಇದು ಜಪಾನಿನ ನೆಲವೆಂದು ತಿಳಿಸಿದರು. ಅವರ ಜಮೀನನ್ನು ಅವರಿಗೇ ಬಿಡುವುದಾಗಿ ಭರವಸೆ ಕೊಟ್ಟರು. ಆ ಪ್ರಯತ್ನ ನಿಂತುಹೋಯಿತು. 1875ರಲ್ಲಿ ಮೇಜಿ ಸರ್ಕಾರ ಮತ್ತೆ ಹಡಗು ಕಳಿಸಿತು, 1876ರಲ್ಲಿ ವಿದೇಶಿ ರಾಷ್ಟ್ರಗಳಿಗೆ ತನ್ನ ಆಡಳಿತವನ್ನು ಅಧಿಕೃತವಾಗಿ ತಿಳಿಸಿತು.