ಕೋವಿಡ್-19: ಆಸ್ಪತ್ರೆ ಸೇರಿದವರಲ್ಲಿ ಲಸಿಕೆ ಮತ್ತು ಕಾಯಿಲೆಯ ತೀವ್ರತೆ

ಲಸಿಕೆ ಪಡೆದವರಲ್ಲೂ ಕೆಲವರಿಗೆ ಕೋವಿಡ್-19 ತಗುಲಿ ಆಸ್ಪತ್ರೆ ಸೇರಬೇಕಾಗುತ್ತದೆ. ಹೀಗೆ ದಾಖಲಾದ ಮೇಲೆ ಐಸಿಯು, ವೆಂಟಿಲೇಟರ್, ಸಾವಿನವರೆಗೆ ಕಾಯಿಲೆ ಉಲ್ಬಣಿಸುವ ಅಪಾಯ ಅವರಲ್ಲಿ ಲಸಿಕೆ ಪಡೆಯದವರಿಗಿಂತ ಕಡಿಮೆ ಎಂಬುದಕ್ಕೆ ಗಟ್ಟಿ ಪುರಾವೆ ಇದೆ. ಎಷ್ಟು ಕಡಿಮೆ ಎಂಬುದು ರೂಪಾಂತರಿ, ವಯಸ್ಸು, ಕೊನೆಯ ಡೋಸ್ ಪಡೆದು ಎಷ್ಟು ಕಾಲವಾಯಿತು, ರೋಗಿಯ ರೋಗನಿರೋಧಕ ಶಕ್ತಿ ಹೇಗಿದೆ ಎಂಬುದರ ಮೇಲೆ ಬದಲಾಗುತ್ತದೆ.

ತೀವ್ರತೆಯ ಅಳತೆ

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ರೂಪಿಸಿದ ಮಾಪಕಕ್ಕೆ 0ಯಿಂದ 10ರವರೆಗೆ ಮೆಟ್ಟಿಲುಗಳಿವೆ. ಆಸ್ಪತ್ರೆಯಲ್ಲಿದ್ದರೂ ಆಕ್ಸಿಜನ್ ಬೇಡದವರು 4, ಮಾಸ್ಕ್ ಅಥವಾ ಮೂಗಿನ ನಳಿಕೆಯಿಂದ ಆಕ್ಸಿಜನ್ ಪಡೆಯುವವರು 5. 6ರಿಂದ 9 ತೀವ್ರ ಕಾಯಿಲೆ, 10 ಸಾವು. ಭಾರತದ ಚಿಕಿತ್ಸಾ ಮಾರ್ಗಸೂಚಿ, ಹೊರಗಿನಿಂದ ಆಕ್ಸಿಜನ್ ಕೊಡದೆ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ನೋಡಿದಾಗ ಶೇ. 90ಕ್ಕಿಂತ ಕಡಿಮೆ ತೋರಿಸಿದರೆ ಅಥವಾ ಉಸಿರಾಟ ನಿಮಿಷಕ್ಕೆ 30 ದಾಟಿದರೆ ತೀವ್ರ ಎಂದು ಗುರುತಿಸಿತು. 2021ರ ಏಪ್ರಿಲ್-ಮೇ ತಿಂಗಳಲ್ಲಿ ಹಾಸಿಗೆ, ಸಿಲಿಂಡರ್‌ಗಳಿಗೇ ಪರದಾಟವಿದ್ದಾಗ, ದಾಖಲಾಗುವುದು ಕಾಯಿಲೆಯನ್ನಷ್ಟೇ ಅವಲಂಬಿಸಿರಲಿಲ್ಲ. ಆದ್ದರಿಂದ 28 ದಿನಗಳೊಳಗೆ ವೆಂಟಿಲೇಟರ್ ಅಥವಾ ಸಾವು ಎಂಬ ಅಳತೆಯೇ ಹೆಚ್ಚು ನಂಬಲರ್ಹ.

ಪ್ರಮುಖ ಅಧ್ಯಯನಗಳು

ಅಮೆರಿಕದ 18 ರಾಜ್ಯಗಳ 21 ಆಸ್ಪತ್ರೆಗಳಲ್ಲಿ ಐವಿವೈ ಎಂಬ ಸಂಶೋಧನಾ ಜಾಲ 2021ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ನಡೆಸಿದ ಅಧ್ಯಯನ ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡಿತು. ಎರಡನೇ ಡೋಸ್ ಆಗಿ 14 ದಿನ ಕಳೆದ ಮೇಲೆ ಕಾಯಿಲೆ ಬಿದ್ದವರನ್ನು ಮಾತ್ರ ಪೂರ್ಣ ಲಸಿಕೆ ಪಡೆದವರೆಂದು ಎಣಿಸಲಾಯಿತು. ಕೋವಿಡ್‌ನಿಂದ ದಾಖಲಾದವರ ಪೈಕಿ ಲಸಿಕೆ ಪಡೆಯದ 1,055 ಮಂದಿಯಲ್ಲಿ 261 ಮಂದಿ, ಅಂದರೆ ಶೇ. 24.7ರಷ್ಟು, ವೆಂಟಿಲೇಟರ್ ಸೇರಿದರು ಅಥವಾ ಸತ್ತರು. ಎಂಆರ್‌ಎನ್‌ಎ ಲಸಿಕೆ ಪಡೆದ 142 ಮಂದಿಯಲ್ಲಿ ಆ ಸಂಖ್ಯೆ 17, ಶೇ. 12. ವಯಸ್ಸು ಮತ್ತಿತರ ವ್ಯತ್ಯಾಸಗಳನ್ನು ಸರಿಹೊಂದಿಸಿದಾಗ ಆಡ್ಸ್ ಅನುಪಾತ 0.33 ಬಂತು (1ಕ್ಕಿಂತ ಕಡಿಮೆ ಇದ್ದರೆ ಲಸಿಕೆ ಪಡೆದವರಲ್ಲಿ ಅಪಾಯ ಕಡಿಮೆ ಎಂದರ್ಥ). ಲಸಿಕೆ ಪಡೆದವರ ಗುಂಪು ಚಿಕ್ಕದಾದ್ದರಿಂದ ಅಂದಾಜಿನ ವ್ಯಾಪ್ತಿ ಅಗಲವಾಗಿದೆ (0.19ರಿಂದ 0.58), ಆದರೂ ಅದರ ಮೇಲ್ತುದಿಯೂ 1ಕ್ಕಿಂತ ಬಹಳ ಕೆಳಗಿದೆ.

ಭಾರತದಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಎರಡನೇ ಅಲೆಯ ವೇಳೆ ತನ್ನ ಸಿಬ್ಬಂದಿಯನ್ನೇ ಅಧ್ಯಯನ ಮಾಡಿತು. ಹೆಚ್ಚಿನವರು ಪಡೆದದ್ದು ಕೋವಿಶೀಲ್ಡ್. ಎರಡು ಡೋಸ್ ಪಡೆದವರಿಗೆ ಸೋಂಕಿನಿಂದ ಶೇ. 65, ಆಸ್ಪತ್ರೆ ಸೇರುವುದರಿಂದ ಶೇ. 77, ಆಕ್ಸಿಜನ್ ಬೇಕಾಗುವುದರಿಂದ ಶೇ. 92, ಐಸಿಯುನಿಂದ ಶೇ. 94 ರಕ್ಷಣೆ ಕಂಡುಬಂತು. ಈ ಏರಿಕೆಯೇ ಇಲ್ಲಿ ಮುಖ್ಯ. ಆಸ್ಪತ್ರೆ ಸೇರುವ ಅಪಾಯ 100ರಿಂದ 23ಕ್ಕೆ ಇಳಿದಾಗ ಆಕ್ಸಿಜನ್ ಬೇಕಾಗುವ ಅಪಾಯ 8ಕ್ಕೆ ಇಳಿದಿದೆ ಎಂದರೆ, ದಾಖಲಾದವರೊಳಗೂ ಅದು ಸುಮಾರು ಮೂರನೇ ಒಂದು ಭಾಗಕ್ಕೆ ಕುಸಿದಂತೆ. ಇದು ಒರಟು ಲೆಕ್ಕ. ಐಸಿಯು ಸೇರಿದವರ ಸಂಖ್ಯೆಯಂತೂ ಬಹಳ ಸಣ್ಣದು. ಹಾಗಿದ್ದರೂ ಬೇರೆ ದೇಶ, ಬೇರೆ ಲಸಿಕೆಯ ಎರಡು ಅಧ್ಯಯನಗಳು ಒಂದೇ ದಿಕ್ಕನ್ನು ತೋರಿಸುತ್ತವೆ.

ರೂಪಾಂತರಿಗಳು

ಐವಿವೈ ಜಾಲವೇ 2022ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ, ಲಸಿಕೆ ಪಡೆದು ದಾಖಲಾದವರ ಕಾಯಿಲೆ ಪಡೆಯದವರಿಗಿಂತ ಹೆಚ್ಚು ತೀವ್ರವಾಗುವ ಆಡ್ಸ್ ಅನುಪಾತ ಆಲ್ಫಾದಲ್ಲಿ 0.33, ಡೆಲ್ಟಾದಲ್ಲಿ 0.44, ಒಮಿಕ್ರಾನ್‌ನಲ್ಲಿ 0.61. ಭಾರತದ ಮೊದಲ ಒಮಿಕ್ರಾನ್ ಪ್ರಕರಣಗಳು 2021ರ ಡಿಸೆಂಬರ್ 2ರಂದು ಕರ್ನಾಟಕದಿಂದ ವರದಿಯಾದವು. ಒಮಿಕ್ರಾನ್ ಅಲೆಯಲ್ಲಿ ಹೆರಿಗೆಗೋ ಮೂಳೆ ಮುರಿದೋ ಬಂದವರಲ್ಲಿ ತಪಾಸಣೆ ವೇಳೆ ಸೋಂಕು ಪತ್ತೆಯಾಗುವುದು ಹೆಚ್ಚಾಯಿತು. ಇವರನ್ನು ಬೇರ್ಪಡಿಸದ ಅಂಕಿಅಂಶಗಳಲ್ಲಿ ಲಸಿಕೆಯ ಪರಿಣಾಮ ಮಸುಕಾಗುತ್ತದೆ.

ಅಂಕಿಗಳನ್ನು ಓದುವ ಬಗೆ

‘ಆಸ್ಪತ್ರೆಯಲ್ಲಿರುವವರಲ್ಲಿ ಹೆಚ್ಚಿನವರು ಲಸಿಕೆ ಪಡೆದವರೇ’ ಎಂಬ ಸುದ್ದಿ 2021ರ ಉತ್ತರಾರ್ಧದಲ್ಲಿ ಹಲವರನ್ನು ಗಾಬರಿಗೊಳಿಸಿತು. ಒಂದು ಲಕ್ಷ ವಯಸ್ಕರಿರುವ ಊರೊಂದನ್ನು ಊಹಿಸೋಣ. 90,000 ಮಂದಿ ಲಸಿಕೆ ಪಡೆದಿದ್ದಾರೆ. ಲಸಿಕೆ ಪಡೆಯದವರಲ್ಲಿ ಸಾವಿರಕ್ಕೆ 10, ಪಡೆದವರಲ್ಲಿ ಸಾವಿರಕ್ಕೆ 2 ಮಂದಿ ದಾಖಲಾದರು. ಒಟ್ಟು 280 ರೋಗಿಗಳಲ್ಲಿ 180 ಮಂದಿ ಲಸಿಕೆ ಪಡೆದವರೇ ಆಗುತ್ತಾರೆ. ಆದರೂ ಲಸಿಕೆ ದಾಖಲಾತಿಯನ್ನು ಶೇ. 80ರಷ್ಟು ತಡೆದಿದೆ. ಈಗ ವಾರ್ಡಿನೊಳಗೆ ಐವಿವೈ ಪ್ರಮಾಣಗಳನ್ನೇ ಹಾಕಿದರೆ, ಲಸಿಕೆ ಪಡೆಯದ 100 ಮಂದಿಯಲ್ಲಿ 25, ಪಡೆದ 180 ಮಂದಿಯಲ್ಲಿ ಸುಮಾರು 22 ಮಂದಿ ವೆಂಟಿಲೇಟರ್ ಅಥವಾ ಸಾವಿನ ಹಂತ ತಲುಪುತ್ತಾರೆ. ವಾರ್ಡಿನೊಳಗಷ್ಟೇ ನೋಡಿದವರಿಗೆ ಅಪಾಯ ಅರ್ಧಕ್ಕೆ ಇಳಿದಂತೆ ಕಾಣುತ್ತದೆ. ಊರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡರೆ ಅದು ಹತ್ತನೇ ಒಂದಕ್ಕೆ ಇಳಿದಿದೆ. ದಾಖಲಾದವರ ಅಧ್ಯಯನ ಲಸಿಕೆಯ ಕೆಲಸದ ಎರಡನೇ ಅರ್ಧವನ್ನು ಮಾತ್ರ ಅಳೆಯುತ್ತದೆ. ಮನೆಯಲ್ಲೇ ಗುಣವಾದವರು ಅದರ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ತೊಡಕನ್ನು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೋಸೆಫ್ ಬರ್ಕ್‌ಸನ್ 1946ರಲ್ಲೇ ವಿವರಿಸಿದ್ದರು: ಆಸ್ಪತ್ರೆ ರೋಗಿಗಳನ್ನಷ್ಟೇ ಆಯ್ದುಕೊಂಡಾಗ, ಹೊರಗೆ ಇಲ್ಲದ ಸಂಬಂಧಗಳು ಒಳಗೆ ಹುಟ್ಟಿಕೊಳ್ಳುತ್ತವೆ. ಲಸಿಕೆಯ ರಕ್ಷಣೆಯನ್ನು ದಾಟಿ ಆಸ್ಪತ್ರೆಗೆ ಬಂದವರು ಸಾಮಾನ್ಯವಾಗಿ ಹೆಚ್ಚು ವಯಸ್ಸಾದವರು, ಮೂತ್ರಪಿಂಡ ಅಥವಾ ಹೃದ್ರೋಗ ಇರುವವರು. ಲಸಿಕೆ ಪಡೆಯದೆ ಬಂದವರಲ್ಲಿ ಆರೋಗ್ಯವಂತ ಮಧ್ಯವಯಸ್ಕರೂ ಸಾಕಷ್ಟು. ವಯಸ್ಸನ್ನು ಸರಿಹೊಂದಿಸದ ಕಚ್ಚಾ ಹೋಲಿಕೆಯಲ್ಲಿ ಲಸಿಕೆಗೆ ಅನ್ಯಾಯವಾಗುವುದೇ ಹೆಚ್ಚು. ಇದಕ್ಕೆ ವಿರುದ್ಧವಾಗಿ, ಲಸಿಕೆ ಪಡೆದವರು ಸಣ್ಣ ಲಕ್ಷಣಕ್ಕೇ ಬೇಗ ವೈದ್ಯರ ಬಳಿ ಹೋಗುವವರಾದರೆ ಪರಿಣಾಮ ಇದ್ದದ್ದಕ್ಕಿಂತ ಹಿಗ್ಗಿ ಕಾಣಬಹುದು.

ರಕ್ಷಣೆಯ ಬಗೆ

ಮೂಗು-ಗಂಟಲಲ್ಲೇ ವೈರಸ್ಸನ್ನು ತಡೆಯುವ ಪ್ರತಿಕಾಯಗಳು ತಿಂಗಳುಗಳಲ್ಲಿ ಕುಗ್ಗುತ್ತವೆ. ಟಿ ಕೋಶ ಮತ್ತು ಬಿ ಕೋಶಗಳ ನೆನಪು ಹೆಚ್ಚು ಕಾಲ ಉಳಿಯುತ್ತದೆ. ಸೋಂಕು ತಗುಲಿದರೂ ಶ್ವಾಸಕೋಶ ಉಳಿಯುವುದಕ್ಕೆ ಇದೇ ಕಾರಣವೆಂದು ಭಾವಿಸಲಾಗಿದೆ.

ರೋಗನಿರೋಧಕ ಶಕ್ತಿ ಕುಗ್ಗಿದವರು

ಅಂಗಾಂಗ ಕಸಿ ಮಾಡಿಸಿಕೊಂಡವರು, ರಕ್ತದ ಕ್ಯಾನ್ಸರ್ ಇರುವವರು, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮೈಕೋಫಿನೋಲೇಟ್ ಅಥವಾ ರಿಟುಕ್ಸಿಮ್ಯಾಬ್ ಔಷಧ ಪಡೆಯುವವರಲ್ಲಿ ಎರಡು ಡೋಸ್‌ಗೂ ಪ್ರತಿಕಾಯ ಸರಿಯಾಗಿ ಮೂಡದಿರಬಹುದು. ಲಸಿಕೆ ಪಡೆದೂ ತೀವ್ರ ಕಾಯಿಲೆಗೆ ತುತ್ತಾದವರಲ್ಲಿ ಇವರ ಪಾಲು ದೊಡ್ಡದು. ಅಮೆರಿಕ 2021ರ ಆಗಸ್ಟ್‌ನಲ್ಲಿ ಇಂಥವರಿಗೆ ಮೂರನೇ ಡೋಸ್‌ಗೆ ಅನುಮತಿ ಕೊಟ್ಟಿತು. ಭಾರತದಲ್ಲಿ 2022ರ ಜನವರಿ 10ರಂದು ಆರಂಭವಾದ ಮುನ್ನೆಚ್ಚರಿಕೆ ಡೋಸ್ ಮೊದಲಿಗೆ ಆರೋಗ್ಯ ಮತ್ತು ಮುಂಚೂಣಿ ಕಾರ್ಯಕರ್ತರಿಗೆ ಹಾಗೂ ಇತರ ಕಾಯಿಲೆಗಳಿರುವ 60 ದಾಟಿದವರಿಗೆ ಸಿಕ್ಕಿತು. ಕಸಿ ಮಾಡಿಸಿಕೊಂಡ ಕಿರಿಯರು ಆ ಮೊದಲ ಪಟ್ಟಿಯಲ್ಲಿ ಪ್ರತ್ಯೇಕ ಗುಂಪಾಗಿ ಇರಲಿಲ್ಲ.