ಮುಧೋಳದ ಬೇಟೆನಾಯಿ: ಕಣ್ಣಿಗೆ ಕಾಣದ ವಂಶಾವಳಿ

ಮುಧೋಳದ ನಾಯಿಮರಿಯೊಂದನ್ನು ತರಬೇಕೆಂದಿರುವ ಹಳೆಯ ವಿದ್ಯಾರ್ಥಿಯೊಬ್ಬನು, ಏನು ನೋಡಿ ಆರಿಸಬೇಕೆಂದು ಕೇಳಿದ್ದಾನೆ. ಮಟಕಿಯ ನಮಗೆ ಮುಧೋಳವೆಂದರೆ ಸೇಡಂ ತಾಲ್ಲೂಕಿನ ಊರು ನೆನಪಾಗುವುದುಂಟು. ಇದು ಬಾಗಲಕೋಟೆ ಜಿಲ್ಲೆಯ ಮುಧೋಳ.

ಆ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಪೋಷಿಸಿ ಬೆಳೆಸಿದರು. ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ನೀಡಿದರು. 2005ರಲ್ಲಿ ಭಾರತೀಯ ಅಂಚೆ ಇಲಾಖೆಯು ಇದರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. 2016ರಲ್ಲಿ ಭೂಸೇನೆಯು ಇದರ ಮರಿಗಳನ್ನು ಮೀರತ್‌ನಲ್ಲಿ ತರಬೇತಿಗೆ ತೆಗೆದುಕೊಂಡಿತು.

ಹಿಂದಿನವರು ಓಟ, ದೃಷ್ಟಿ, ಮೈಕಟ್ಟು ನೋಡಿ ನಾಯಿಯನ್ನು ಆರಿಸುತ್ತಿದ್ದರು. ಆದರೆ ಕೆಲವು ರೋಗಗಳ ದೋಷವು ಆರೋಗ್ಯವಂತ ನಾಯಿಯಲ್ಲಿಯೂ ಅಡಗಿರಬಲ್ಲದು. ತಂದೆ, ತಾಯಿ ಇಬ್ಬರಲ್ಲಿಯೂ ಅದೇ ದೋಷವಿದ್ದರೆ, ಸರಾಸರಿ ನಾಲ್ಕು ಮರಿಗಳಲ್ಲಿ ಒಂದಕ್ಕೆ ರೋಗ ತಗಲುತ್ತದೆ. ಹತ್ತಿರದ ರಕ್ತಸಂಬಂಧದಲ್ಲಿಯೇ ಕೂಡಿಸುತ್ತ ಹೋದರೆ ಈ ಸಂಭವ ಹೆಚ್ಚುತ್ತದೆ. ಇಂತಹ ಕೆಲವು ದೋಷಗಳನ್ನು ಇಂದು ರಕ್ತದ ಅಥವಾ ಜೊಲ್ಲಿನ ಡಿಎನ್‌ಎ ಪರೀಕ್ಷೆಯಿಂದ ತಿಳಿಯಬಹುದು. ಹೃದಯ, ಕಣ್ಣುಗಳ ತಪಾಸಣೆಯನ್ನು ಮಾತ್ರ ವೈದ್ಯರೇ ಮಾಡಬೇಕು.

ನಂಟಸ್ತಿಕೆ ಬೆಳೆಸುವಾಗ ಬೆಡಗು ಕೇಳುವ ನಾವು, ನಾಯಿಯನ್ನು ಕೊಳ್ಳುವಾಗ ಬೆಲೆಯನ್ನಷ್ಟೇ ಕೇಳುತ್ತೇವೆ. ಆದ್ದರಿಂದ, ತಮ್ಮಾ, ಮೊದಲು ಮರಿಯ ತಂದೆತಾಯಿಗಳನ್ನು ನೋಡು. ಅವುಗಳ ಸಂಬಂಧವನ್ನೂ ಪರೀಕ್ಷೆಯ ಕಾಗದಗಳನ್ನೂ ಕೇಳು. ರಾಜರು ಉಳಿಸಿದ ತಳಿಯನ್ನು ಇನ್ನು ಮುಂದೆ ಉಳಿಸಬೇಕಾದವರು ಕೊಳ್ಳುವವರೇ.