ಕನ್ನಡಿ ಇಲ್ಲದ ಕ್ಯಾಮೆರಾ: ಎರಡು ಮನೆತನಗಳ ಚರಿತ್ರೆ

ಕ್ಯಾಮೆರಾ ಕೊಳ್ಳುವುದಕ್ಕೂ ಚರಿತ್ರೆಯ ಪಾಠಕ್ಕೂ ಏನು ಸಂಬಂಧವೆಂದು ನನ್ನ ಹಳೆಯ ವಿದ್ಯಾರ್ಥಿಗಳಿಗೆ ಅನ್ನಿಸಬಹುದು. ಅಂಗಡಿಯವನು ಒಂದು ಪಟ್ಟಿ ಕೊಡುತ್ತಾನೆ, ಪಟ್ಟಿಯಲ್ಲಿ ಅಂಕಿಗಳಿರುತ್ತವೆ, ದೊಡ್ಡ ಅಂಕಿ ಇರುವುದನ್ನು ಕೊಂಡರಾಯಿತು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಆ ಅಂಕಿಗಳು ಇಂದಿನ ಸಂಗತಿಯನ್ನು ಮಾತ್ರ ಹೇಳುತ್ತವೆ. ಕೊಂಡ ವಸ್ತು ಹತ್ತು ವರ್ಷಗಳ ಮೇಲೆ ನಮ್ಮ ಕೈಯಲ್ಲಿ ಏನಾಗಿ ಉಳಿಯುತ್ತದೆ ಎಂಬುದನ್ನು, ಅದನ್ನು ತಯಾರಿಸಿದವರು ಹಿಂದೆ ತಮ್ಮ ಗಿರಾಕಿಗಳೊಡನೆ ಹೇಗೆ ನಡೆದುಕೊಂಡರು ಎಂಬುದರಿಂದಲೇ ಊಹಿಸಬೇಕಾಗುತ್ತದೆ. ಅದು ಚರಿತ್ರೆಯಲ್ಲದೆ ಮತ್ತೇನು?

ನನ್ನ ವಿದ್ಯಾರ್ಥಿನಿಯೊಬ್ಬಳು ಈಗ ತಾನೇ ಒಂದು ಪ್ರೌಢಶಾಲೆಯಲ್ಲಿ ಚರಿತ್ರೆ ಕಲಿಸುತ್ತಾಳೆ. ರಜೆ ಬಂದರೆ ಊರೂರು ತಿರುಗಿ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳ ಚಿತ್ರ ತೆಗೆಯುವುದು ಅವಳ ಹವ್ಯಾಸ. ರಸ್ತೆ ಅಗಲವಾಗುವಾಗ, ಹಳೆಯ ಗುಡಿಗೆ ಸುಣ್ಣ ಬಣ್ಣ ಬಳಿಯುವಾಗ ಎಷ್ಟೋ ಕಲ್ಲುಗಳು ಕಣ್ಮರೆಯಾಗುತ್ತವೆ. ಅಷ್ಟರೊಳಗೆ ತೆಗೆದ ಚಿತ್ರವೇ ಮುಂದೆ ಉಳಿಯುವ ದಾಖಲೆ. ಇಷ್ಟು ದಿನ ಮೊಬೈಲಿನಲ್ಲಿ ನಡೆಯಿತು. ಈಗ ಕೂಡಿಟ್ಟ ಹಣದಲ್ಲಿ ಒಂದು ಕ್ಯಾಮೆರಾ ಕೊಳ್ಳಬೇಕೆಂದು ಹೊರಟು, ಕ್ಯಾನನ್ ಆರ್50 ಮತ್ತು ನಿಕಾನ್ ಝಡ್30 ಎಂಬ ಎರಡರ ನಡುವೆ ನಿಂತಿದ್ದಾಳೆ. ಎರಡೂ ಹೊಸಬರಿಗೆಂದು ಮಾಡಿದ ಮಿರರ್‌ಲೆಸ್ ಕ್ಯಾಮೆರಾಗಳು. ಅವಳಿಗೆ ಬರೆದ ಉತ್ತರ ಇತರರಿಗೂ ಉಪಯೋಗವಾದೀತೆಂದು ಇಲ್ಲಿ ಸ್ವಲ್ಪ ವಿಸ್ತರಿಸಿದ್ದೇನೆ.

ಮೊದಲು ಹೆಸರಿನ ವಿಚಾರ. ಮಿರರ್‌ಲೆಸ್ ಎಂದರೆ ಕನ್ನಡಿ ಇಲ್ಲದ್ದು. ಇದು ಹೊಸ ಕಾಲದ ಸೋಜಿಗವೇನೂ ಅಲ್ಲ. ಶಾಲೆಯ ಗ್ರೂಪ್ ಫೋಟೋ ತೆಗೆಯಲು ಮೂರು ಕಾಲಿನ ಪೆಟ್ಟಿಗೆ ತಂದು, ಕರಿಯ ಬಟ್ಟೆಯೊಳಗೆ ತಲೆ ತೂರಿಸುತ್ತಿದ್ದ ಫೋಟೋಗ್ರಾಫರರನ್ನು ನಿಮ್ಮಲ್ಲಿ ಹಿರಿಯರು ಕಂಡಿದ್ದೀರಿ. ಆ ಪೆಟ್ಟಿಗೆಯಲ್ಲೂ ಕನ್ನಡಿ ಇರಲಿಲ್ಲ. ಹಿಂದಿನ ಮಸುಕು ಗಾಜಿನ ಮೇಲೆ ನಾವೆಲ್ಲ ತಲೆಕೆಳಗಾಗಿ ಕಾಣುತ್ತಿದ್ದೆವು. ಗಾಜು ತೆಗೆದು ಪ್ಲೇಟನ್ನೋ ಫಿಲ್ಮನ್ನೋ ಇಟ್ಟ ಮೇಲೆ ಆತ ಏನನ್ನೂ ನೋಡುವಂತಿರಲಿಲ್ಲ. ತೆಗೆಯುವ ಕ್ಷಣದವರೆಗೂ ಲೆನ್ಸ್ ಕಾಣುವುದನ್ನೇ ಕಣ್ಣೂ ಕಾಣಬೇಕು ಎಂಬ ಆಸೆಯಿಂದ ಕ್ಯಾಮೆರಾದೊಳಗೆ ಕನ್ನಡಿ ಬಂದಿತು. ಲೆನ್ಸಿನ ಹಿಂದೆ 45 ಡಿಗ್ರಿ ಓರೆಯಾಗಿ ನಿಂತು ಅದು ಬೆಳಕನ್ನು ಮೇಲಕ್ಕೆ ತಿರುಗಿಸುತ್ತದೆ. ಗುಂಡಿ ಒತ್ತಿದಾಗ ಮೇಲೆದ್ದು ಬೆಳಕನ್ನು ಫಿಲ್ಮಿಗೆ ಬಿಟ್ಟುಕೊಡುತ್ತದೆ.

35 ಮಿ.ಮೀ. ಫಿಲ್ಮಿನ ಕ್ಯಾಮೆರಾದಲ್ಲಿ ಈ ಏರ್ಪಾಡನ್ನು ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ತಯಾರಾದ ಕೀನೆ ಎಕ್ಸಾಕ್ಟಾ 1936ರಲ್ಲಿ ತಂದಿತು. ಚಿತ್ರ ತೆಗೆದ ಮೇಲೆ ಕನ್ನಡಿ ತಾನಾಗಿ ಕೆಳಗಿಳಿಯುವ ವ್ಯವಸ್ಥೆಯನ್ನು ಜಪಾನಿನ ಅಸಾಹಿ ಕಂಪನಿ 1954ರಲ್ಲಿ ಅಸಾಹಿಫ್ಲೆಕ್ಸ್ 2ಬಿ ಕ್ಯಾಮೆರಾದಲ್ಲಿ ಅಳವಡಿಸಿತು. ಅಲ್ಲಿಂದ ಮುಂದೆ ಅರ್ಧ ಶತಮಾನ ಕನ್ನಡಿಯದೇ ರಾಜ್ಯಭಾರ.

ಇನ್ನು ಎರಡು ಮನೆತನಗಳು. ನಿಕಾನ್ ಎಂದು ಇಂದು ಕರೆಯುವ ನಿಪ್ಪಾನ್ ಕೊಗಾಕು ಸಂಸ್ಥೆ 1917ರಲ್ಲಿ ಹುಟ್ಟಿತು. ದುರ್ಬೀನು, ಸೂಕ್ಷ್ಮದರ್ಶಕಗಳ ಗಾಜಿನ ಕೆಲಸ ಅದರ ಕಸುಬು. ಕ್ಯಾನನ್ನಿನ ಮೂಲ 1933ರಲ್ಲಿ ಟೋಕಿಯೋದಲ್ಲಿ ಆರಂಭವಾದ ಒಂದು ಸಣ್ಣ ಪ್ರಯೋಗಶಾಲೆ. ಗೊರೋ ಯೋಶಿದಾ ಎಂಬಾತ ಜರ್ಮನಿಯ ಲೈಕಾ ಕ್ಯಾಮೆರಾವನ್ನು ಬಿಚ್ಚಿ ನೋಡಿ, ಇಂಥದನ್ನು ನಮ್ಮಲ್ಲೇ ಮಾಡಬಹುದೆಂದು ಹೊರಟ. 1934ರ ಮೊದಲ ಮಾದರಿಗೆ ಕ್ವಾನಾನ್ ಎಂದು ಹೆಸರಿಟ್ಟರು. ಬೌದ್ಧರ ಕರುಣೆಯ ದೇವತೆಯ ಹೆಸರದು. ನಮ್ಮ ಅವಲೋಕಿತೇಶ್ವರನೇ ಚೀನಾ ಹಾದು ಜಪಾನಿಗೆ ಹೋಗಿ ಕನ್ನೋನ್ ಆದದ್ದು. ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. 1936ರಲ್ಲಿ ಮಾರುಕಟ್ಟೆಗೆ ಬಂದ ಹನ್ಸಾ ಕ್ಯಾನನ್ ಕ್ಯಾಮೆರಾದ ಲೆನ್ಸ್ ನಿಕಾನಿನವರು ಮಾಡಿಕೊಟ್ಟ ನಿಕ್ಕೋರ್. ಇಂದು ಅಂಗಡಿಯ ಗಾಜಿನ ಕಪಾಟಿನಲ್ಲಿ ಎದುರುಬದುರು ಕುಳಿತಿರುವ ಈ ಇಬ್ಬರಲ್ಲಿ ಒಬ್ಬರ ಮೊದಲ ಕೂಸಿಗೆ ಇನ್ನೊಬ್ಬರು ಕಣ್ಣು ಕೊಟ್ಟಿದ್ದರು.

1959ರಲ್ಲಿ ಎರಡೂ ಸಂಸ್ಥೆಗಳು ಕನ್ನಡಿಯ ಕ್ಯಾಮೆರಾ ಹೊರತಂದವು: ಕ್ಯಾನನ್‌ಫ್ಲೆಕ್ಸ್ ಮತ್ತು ನಿಕಾನ್ ಎಫ್. ಪತ್ರಿಕಾ ಛಾಯಾಗ್ರಾಹಕರು ಒಪ್ಪಿಕೊಂಡದ್ದು ನಿಕಾನ್ ಎಫ್ ಅನ್ನು. ಲೆನ್ಸನ್ನು ಕ್ಯಾಮೆರಾಕ್ಕೆ ಕೂಡಿಸುವ ಲೋಹದ ಬಳೆಗೆ ಮೌಂಟ್ ಎನ್ನುತ್ತಾರೆ. ಈ ಬಳೆಯ ಅಳತೆಯನ್ನು ನಿಕಾನ್ ಮುಂದೆ ಬದಲಿಸಲೇ ಇಲ್ಲ. ಕ್ಯಾನನ್ ಹಾಗಲ್ಲ. ಲೆನ್ಸ್ ತಾನಾಗಿ ಫೋಕಸ್ ಮಾಡಿಕೊಳ್ಳುವ ಯುಗ ಬಂದಾಗ, 1987ರ ಇಒಎಸ್ 650 ಕ್ಯಾಮೆರಾದೊಡನೆ ಅದು ಇಎಫ್ ಎಂಬ ಹೊಸ ಮೌಂಟನ್ನು ತಂದಿತು. ಮೋಟಾರು ಲೆನ್ಸಿನೊಳಗೇ, ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ವಿದ್ಯುತ್ ಸಂಪರ್ಕ ಮಾತ್ರ. 1971ರಿಂದ ಎಫ್‌ಡಿ ಲೆನ್ಸ್‌ಗಳನ್ನು ಕೊಂಡಿದ್ದವರಿಗೆ ಹೊಸ ಕ್ಯಾಮೆರಾದಲ್ಲಿ ಜಾಗವೇ ಇಲ್ಲದಂತಾಯಿತು. ಅನೇಕರು ಇದನ್ನು ವಿಶ್ವಾಸದ್ರೋಹವೆಂದೇ ತಿಳಿದರು.

ಹಾಗಾದರೆ ನಿಕಾನ್ ಸತ್ಯವಂತ, ಕ್ಯಾನನ್ ಮಾತಿಗೆ ತಪ್ಪಿದವನು ಎಂದು ತೀರ್ಪು ಕೊಟ್ಟುಬಿಡೋಣವೇ? ಚರಿತ್ರೆಯಲ್ಲಿ ಅವಸರದ ತೀರ್ಪು ಸಲ್ಲದು. ನಿಕಾನ್ ಹಳೆಯ ಬಳೆಯನ್ನು ಉಳಿಸಿಕೊಂಡು, ಮೋಟಾರನ್ನು ಕ್ಯಾಮೆರಾದೊಳಗೆ ಇರಿಸಿ, ಒಂದು ಸಣ್ಣ ತಿರುಪಿನ ಮೂಲಕ ಲೆನ್ಸನ್ನು ತಿರುಗಿಸಿತು. ಆದರೆ 2006ರ ಡಿ40 ಎಂಬ ಅಗ್ಗದ ಡಿಜಿಟಲ್ ಕ್ಯಾಮೆರಾದಲ್ಲಿ ಆ ಮೋಟಾರನ್ನೇ ಕೈಬಿಟ್ಟಿತು. ಹಳೆಯ ಲೆನ್ಸ್ ಕೂರುತ್ತಿತ್ತು, ಆದರೆ ತಾನಾಗಿ ಫೋಕಸ್ ಆಗುತ್ತಿರಲಿಲ್ಲ. ದುಬಾರಿ ಕ್ಯಾಮೆರಾ ಕೊಂಡವರಿಗೆ ಈ ತೊಂದರೆ ಇರಲಿಲ್ಲ.

2008ರಲ್ಲಿ ಪ್ಯಾನಸೋನಿಕ್ ಕಂಪನಿಯ ಜಿ1 ಬಂದಿತು; ಲೆನ್ಸ್ ಬದಲಿಸಬಹುದಾದ, ಕನ್ನಡಿಯ ಬದಲು ಪುಟ್ಟ ವಿದ್ಯುನ್ಮಾನ ಪರದೆಯಲ್ಲಿ ಇಣುಕಿ ನೋಡುವ ಕ್ಯಾಮೆರಾ. ಲೆನ್ಸಿನ ಬೆಳಕು ನೇರವಾಗಿ ಸೆನ್ಸರಿನ ಮೇಲೆ ಬಿದ್ದು, ಅದು ಕಂಡದ್ದೇ ಪರದೆಗೆ ಬರುವಾಗ ಕನ್ನಡಿಯ ಹಂಗೇಕೆ? ಈ ಎರಡು ಮನೆತನಗಳು ಮಾತ್ರ ಹಿಂದುಮುಂದು ನೋಡಿದವು. ತಮ್ಮ ಕನ್ನಡಿಯ ಕ್ಯಾಮೆರಾಗಳ ವ್ಯಾಪಾರ ಕೆಡಬಾರದಲ್ಲ! 2011ರಲ್ಲಿ ನಿಕಾನ್ 1, 2012ರಲ್ಲಿ ಕ್ಯಾನನ್ ಇಒಎಸ್ ಎಂ ಎಂಬ ಸಣ್ಣ ಸಾಲುಗಳನ್ನು ತಂದವು. ನಿಕಾನ್ 1 ಸಾಲು 2018ರಲ್ಲಿ ನಿಂತಿತು. ಎಂ ಸಾಲು 2023ರ ಹೊತ್ತಿಗೆ ಮುಗಿಯಿತು. ಎಂ ಲೆನ್ಸ್ ಸೆನ್ಸರಿನಿಂದ 18 ಮಿ.ಮೀ. ದೂರದಲ್ಲಿ ನಿಲ್ಲಬೇಕು, ಕ್ಯಾನನ್ 2018ರಲ್ಲಿ ತಂದ ಆರ್‌ಎಫ್ ಮೌಂಟಿನಲ್ಲಿ ಆ ದೂರ 20 ಮಿ.ಮೀ. ಆದ್ದರಿಂದ ಎಂ ಲೆನ್ಸ್‌ಗಳನ್ನು ಹೊಸ ಕ್ಯಾಮೆರಾಕ್ಕೆ ಜೋಡಿಸಲು ದಾರಿಯಿಲ್ಲ. ಗಮನಿಸಿ: ಈ ಎರಡು ಸಾಲುಗಳನ್ನು ಕೊಂಡವರಲ್ಲಿ ಹೆಚ್ಚಿನವರು ಹೊಸಬರು, ಸಣ್ಣ ಸಂಬಳದವರು. ದಾರಿ ಬದಲಾದಾಗಲೆಲ್ಲ ನಡುದಾರಿಯಲ್ಲಿ ಉಳಿದವರು ಮೊದಲ ಮೆಟ್ಟಿಲಿನವರೇ. ನನ್ನ ವಿದ್ಯಾರ್ಥಿನಿ ಈಗ ನಿಂತಿರುವುದೂ ಆ ಮೆಟ್ಟಿಲ ಮೇಲೆಯೇ ಆದ್ದರಿಂದ ಇಷ್ಟೆಲ್ಲ ಹೇಳಬೇಕಾಯಿತು.

2018ರಲ್ಲಿಯೇ ನಿಕಾನ್ ಕೂಡ ಝಡ್ ಎಂಬ ಹೊಸ ಮೌಂಟನ್ನು ತಂದಿತು. 59 ವರ್ಷ ಕಾಪಾಡಿದ ಬಳೆಯನ್ನು ಕೊನೆಗೆ ಅದೂ ಬದಲಿಸಿತು. ಇಲ್ಲಿ ಒಂದು ಸುಲಭದ ಲೆಕ್ಕವಿದೆ. ಕನ್ನಡಿಗೆ ಜಾಗ ಬಿಡಬೇಕಾದ್ದರಿಂದ ಹಳೆಯ ನಿಕಾನ್ ಲೆನ್ಸ್ ಫಿಲ್ಮಿನಿಂದ 46.5 ಮಿ.ಮೀ. ದೂರ ನಿಲ್ಲುತ್ತಿತ್ತು, ಝಡ್ ಮೌಂಟಿನಲ್ಲಿ 16 ಮಿ.ಮೀ. ಉಳಿದ 30.5 ಮಿ.ಮೀ. ಅಂತರವನ್ನು ಅಡಾಪ್ಟರ್ ಎಂಬ ಕೊಳವೆ ತುಂಬುತ್ತದೆ. ಕ್ಯಾನನ್ನಿನಲ್ಲಿ 44ರಿಂದ 20 ಕಳೆದರೆ 24 ಮಿ.ಮೀ. ಹೀಗೆ ಇಬ್ಬರ ಹಳೆಯ ಲೆನ್ಸ್‌ಗಳೂ ಹೊಸ ಕ್ಯಾಮೆರಾಕ್ಕೆ ಕೂರುತ್ತವೆ. ಆದರೆ ನಿಕಾನಿನ ಅಡಾಪ್ಟರಿನಲ್ಲಿ ಮೋಟಾರಿಲ್ಲ. ಆದಕಾರಣ ತಿರುಪಿನಿಂದ ನಡೆಯುವ ಹಳೆಯ 50 ಮಿ.ಮೀ. ಎಫ್/1.8ಡಿ ಲೆನ್ಸನ್ನು ಝಡ್30ಕ್ಕೆ ಹಾಕಿದರೆ ಕೈಯಿಂದಲೇ ಫೋಕಸ್ ಮಾಡಬೇಕು; ಒಳಗೆ ಮೋಟಾರಿರುವ ಎಎಫ್-ಎಸ್ ಲೆನ್ಸ್‌ಗಳಿಗೆ ಈ ಕಷ್ಟವಿಲ್ಲ. ಕ್ಯಾನನ್ನಿನ 1990ರ 50 ಮಿ.ಮೀ. ಎಫ್/1.8 ಇಎಫ್ ಲೆನ್ಸ್ ಆರ್50ರ ಮೇಲೆ ತಾನಾಗಿ ಫೋಕಸ್ ಆಗುತ್ತದೆ. 1987ರಲ್ಲಿ ಬೈಗುಳ ತಿಂದ ನಿರ್ಧಾರ ಇಂದು ಹಳೆಯ ಲೆನ್ಸ್ ಕೊಳ್ಳುವ ಬಡವನಿಗೆ ಉಪಕಾರವಾಗಿದೆ. ಚರಿತ್ರೆ ನಮ್ಮನ್ನು ಹೀಗೂ ಪರೀಕ್ಷಿಸುತ್ತದೆ.

ಈಗ ಎರಡು ಕ್ಯಾಮೆರಾಗಳನ್ನು ಮೇಜಿನ ಮೇಲಿಟ್ಟು ನೋಡೋಣ. ಝಡ್30 ಪ್ರಕಟವಾದದ್ದು 2022ರಲ್ಲಿ, ಆರ್50 2023ರಲ್ಲಿ. ಒಂದು 20.9 ಮೆಗಾಪಿಕ್ಸೆಲ್, ಇನ್ನೊಂದು 24.2, ಶಾಸನದ ಅಕ್ಷರ ಓದಲು ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಬ್ಯಾಟರಿ, ಕಾರ್ಡು ಸೇರಿ ತೂಕ 405 ಮತ್ತು 375 ಗ್ರಾಂ. ಕೈ ನಡುಗಿದರೆ ಸರಿಪಡಿಸುವ ಏರ್ಪಾಡು ಇಬ್ಬರ ಕ್ಯಾಮೆರಾದೊಳಗೂ ಇಲ್ಲ. ಜೊತೆಗೆ ಬರುವ ಲೆನ್ಸಿನಲ್ಲಿದೆ. ನಿಜವಾದ ವ್ಯತ್ಯಾಸ ಬೇರೆ ಕಡೆ ಇದೆ. ಝಡ್30ರಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಹಿಂದಿನ ಪರದೆಯೊಂದೇ ಗತಿ. ಮನೆಯಲ್ಲಿ ಕುಳಿತು ವಿಡಿಯೋ ಮಾಡುವವರಿಗೆ ಅದು ಸಾಕು. ಮಧ್ಯಾಹ್ನದ ಬಿಸಿಲಲ್ಲಿ ಹೊಲದ ಬದುವಿನ ವೀರಗಲ್ಲಿನ ಮುಂದೆ ನಿಂತವರಿಗೆ ಪರದೆ ಮಸುಕಾಗಿ ಕಾಣುತ್ತದೆ. ಅಲ್ಲಿ ಆರ್50ರ ವ್ಯೂಫೈಂಡರ್ ಕರಿಯ ಬಟ್ಟೆಯ ಕೆಲಸವನ್ನೇ ಮಾಡುತ್ತದೆ.

ಝಡ್30ರ ಪರವಾಗಿಯೂ ಹೇಳಬೇಕಾದದ್ದಿದೆ. ಸವೆದ ಶಾಸನವನ್ನು ಓದಬೇಕಾದರೆ ಬೆಳಕು ಪಕ್ಕದಿಂದ, ಕಲ್ಲಿಗೆ ಸವರಿದಂತೆ ಬೀಳಬೇಕು. ಆಗ ಅಕ್ಷರದ ಹಳ್ಳದಲ್ಲಿ ನೆರಳು ನಿಲ್ಲುತ್ತದೆ. ಇದಕ್ಕೆ ಫ್ಲಾಶನ್ನು ಕ್ಯಾಮೆರಾದಿಂದ ದೂರ ಹಿಡಿಯಬೇಕು. ಝಡ್30ರ ತಲೆಯ ಮೇಲೆ ಮಾಮೂಲಿ ಫ್ಲಾಶ್ ಶೂ ಇದೆ, ಯಾವ ಅಗ್ಗದ ಟ್ರಿಗರೂ ನಡೆಯುತ್ತದೆ. ಆರ್50ರಲ್ಲಿ ಹೊಸ ಬಗೆಯ ಶೂ ಇದ್ದು, ಹಳೆಯ ಫ್ಲಾಶಿಗೆ ಪ್ರತ್ಯೇಕ ಅಡಾಪ್ಟರ್ ಕೊಳ್ಳಬೇಕು. ಆದರೆ ಕಲ್ಲು ಎದ್ದು ಓಡುವುದಿಲ್ಲ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟು, ಪಕ್ಕದಿಂದ ಒಂದು ಎಲ್‌ಇಡಿ ಟಾರ್ಚು ಹಿಡಿದರೂ ಕೆಲಸವಾಗುತ್ತದೆ.

ಬೇರೆ ಕಂಪನಿಗಳ ಲೆನ್ಸ್ ವಿಚಾರದಲ್ಲಿ ಕ್ಯಾನನ್ ಬಹುಕಾಲ ಬಾಗಿಲು ಮುಚ್ಚಿಕೊಂಡಿತ್ತು. 2024ರಲ್ಲಿ ಸಿಗ್ಮಾ, ಟ್ಯಾಮ್ರಾನ್ ಕಂಪನಿಗಳಿಗೆ ಈ ಸಣ್ಣ ಸೆನ್ಸರಿನ ಕ್ಯಾಮೆರಾಗಳ ಮಟ್ಟಿಗೆ ಅನುಮತಿ ದೊರೆಯಿತು. ನಿಕಾನಿನ ಝಡ್ ಮೌಂಟಿಗೆ ಸಿಗ್ಮಾ 2023ರಲ್ಲೇ ಮೂರು ಲೆನ್ಸ್ ಕೊಟ್ಟಿತ್ತು. ಈ ವಿಚಾರದಲ್ಲಿ ಈಗ ದೊಡ್ಡ ಅಂತರ ಉಳಿದಿಲ್ಲ.

ನನ್ನ ಅಭಿಪ್ರಾಯ ಹೀಗೆ. ಹೊಲ, ಗುಡಿ, ಕೆರೆ ಏರಿಗಳಲ್ಲಿ ಓಡಾಡಿ ಸ್ಥಿರಚಿತ್ರ ತೆಗೆಯುವವರಿಗೆ ಆರ್50 ಒಳ್ಳೆಯದು. ಅದರ ಜೊತೆ ಒಂದು ಅಡಾಪ್ಟರ್, ಕೈ ಬದಲಾದ ಒಂದು ಇಎಫ್ 50 ಮಿ.ಮೀ. ಲೆನ್ಸ್ ಇದ್ದರೆ ಗರ್ಭಗುಡಿಯ ಮಬ್ಬು ಬೆಳಕಿಗೂ ಸಾಲುತ್ತದೆ. ಪಾಠದ ವಿಡಿಯೋ ಮಾಡುವುದೇ ಮುಖ್ಯವಾದರೆ, ಅಥವಾ ಮನೆಯಲ್ಲಿ ನಿಕಾನಿನ ಎಎಫ್-ಎಸ್ ಲೆನ್ಸ್‌ಗಳು ಈಗಾಗಲೇ ಇದ್ದರೆ, ಝಡ್30 ಕೊಳ್ಳುವುದು ಜಾಣತನ. ಯಾವುದನ್ನೇ ಆಗಲಿ, ಹಣ ಕೊಡುವ ಮುನ್ನ ಅಂಗಡಿಯ ಹೊರಗೆ ಬಿಸಿಲಿಗೆ ತಂದು ಒಮ್ಮೆ ಕಣ್ಣಿಗೆ ಹಿಡಿದು ನೋಡಬೇಕು. ಬೇಕಾದ ಮುಂದಿನ ಲೆನ್ಸ್ ಯಾವುದು, ಅದು ಇಂದೇ ಸಿಗುತ್ತದೆಯೇ ಎಂದು ವಿಚಾರಿಸಬೇಕು. ಮುಂದೆ ಬರುತ್ತದೆ ಎಂಬ ಭರವಸೆಯ ಮೇಲೆ ಕೊಳ್ಳಬಾರದು. ಎಂ ಸಾಲನ್ನು ಕೊಂಡವರಿಗೂ ಅಂಥ ಭರವಸೆ ಇದ್ದೇ ಇತ್ತು.